ಆಷಾಢದಲ್ಲಿ ಬಂದ ವೀಸಾ ಅರ್ಜಿ

ಪೊಲೀಸ್ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನಂಥ ನಿವೃತ್ತರು ಸಿಕ್ಕಾಗ ಎರಡೇ ಪ್ರಶ್ನೆ ಕೇಳುತ್ತಾರೆ. ಕಳ್ಳರನ್ನು ಎಷ್ಟು ಹಿಡಿದಿದ್ದೀರಿ? ಯಾವತ್ತಾದರೂ ಗುಂಡು ಹಾರಿಸಿದ್ದೀರಾ? ನಾನು ಕೈಯಾರೆ ಹಿಡಿದ ಕಳ್ಳ ಒಬ್ಬನೇ. ಠಾಣೆಯ ಹಿತ್ತಲಿನ ತೆಂಗಿನಮರ ಹತ್ತಿ ಕೂತಿದ್ದ. ಇಳಿಸಿ ನೋಡಿದರೆ ನಮ್ಮ ಆಗಿನ ಸಾಹೇಬರ ಭಾವಮೈದ. ಕಾಯಿ ಸಮೇತ ಗೌರವದಿಂದ ಮನೆಗೆ ಬಿಟ್ಟು ಬಂದೆ. ಇನ್ನು ಗುಂಡಿನ ವಿಷಯ. ನನ್ನ ಬಂದೂಕು ವರ್ಷಕ್ಕೊಮ್ಮೆ ಎಣ್ಣೆ ಕುಡಿದು ಮಲಗುತ್ತಿತ್ತು, ನಾನೂ ಅದರ ನಿದ್ದೆ ಕೆಡಿಸಲಿಲ್ಲ.

ನನ್ನ ಸರ್ವೀಸಿನ ಕೊನೆಯ ವರ್ಷಗಳೆಲ್ಲ ಕಳೆದದ್ದು ವಿದೇಶಿಯರ ಶಾಖೆಯಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಗೆ ಬಂದು ಉಳಿಯುವ ಹೊರದೇಶದವರ ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ಆರ್ಡರ್ ಬಂದ ದಿನ ಠಾಣೆಯ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ ನಂಜ, ಉಣಸೂರಲ್ಲಿ ಫಾರಿನ್ನೋರು ಎಲ್ಲವ್ರೆ ಕಣ್ಲಾ? ನಿನ್ಗೆ ಸಂಬಳ ಕೊಟ್ಟು ಮಲಗಿಸ್ತಾವ್ರೆ ಬುಡು" ಅಂದರು. ನನಗೂ ಹಾಗೇ ಅನ್ನಿಸಿತ್ತು. ಒಂದು ತಿಂಗಳಲ್ಲಿ ಬುದ್ಧಿ ಬಂತು. ಗುರುಪುರದ ಟಿಬೆಟನ್ ಕ್ಯಾಂಪಿಗೆ ಧ್ಯಾನ ಕಲಿಯಲು ಬರುವವರು, ಎಚ್.ಡಿ. ಕೋಟೆ ಕಡೆಯ ಕಾಡಂಚಿನ ರೆಸಾರ್ಟುಗಳಿಗೆ ಅಡುಗೆಗೋ ಮಾಲೀಸಿಗೋ ಬಂದವರು, ಹೊಗೆಸೊಪ್ಪು ಕೊಳ್ಳುವ ಕಂಪನಿಗಳಿಗೆ ಬಂದವರು, ಹೀಗೆ ನನ್ನ ಮೋಟಾರ್ ಬೈಕಿಗೆ ಬಿಡುವೇ ಇರಲಿಲ್ಲ.

ಮೊದಲ ವಾರವೇ ಮರ್ಯಾದೆ ಹೋಯಿತು. ಗುರುಪುರದ ಕ್ಯಾಂಪಿನಲ್ಲಿ ಹೊರದೇಶದವರು ತಂಗಬೇಕಾದರೆ ವಿಶೇಷ ಅನುಮತಿ ಬೇಕು. ಕೊರಳಿಗೆ ದೊಡ್ಡ ಕ್ಯಾಮರಾ ತೂಗಿಹಾಕಿಕೊಂಡ ಒಬ್ಬಾತ ಮಠದ ಮುಂದೆ ಅಡ್ಡಾಡುತ್ತಿದ್ದ. ಜಪಾನಿನವನೇ ಸರಿ ಎಂದು ತೀರ್ಮಾನಿಸಿ, ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಇಂಗ್ಲಿಷಿನಲ್ಲಿ ಪಾಸ್‌ಪೋರ್ಟು, ಪರ್ಮಿಟ್ಟು ಎಲ್ಲ ಕೇಳಿದೆ. ಆತ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ನಾನು ಇಲ್ಲೇ ಗುರುಪುರದಲ್ಲೇ ಉಟ್ಟಿ ಬೆಳ್ದೋನು ಸಾ, ಮದ್ವೆ ಮನೇಲಿ ಫೋಟೋ ತೆಗೀತೀನಿ. ಯಾಕ್ ಸಾ, ನಿಮ್ಗೆ ಕನ್ನಡ ಬರಕಿಲ್ವಾ?" ಅಂದ. ಹಿಂದಿನ ಟೀ ಅಂಗಡಿಯಲ್ಲಿ ಕೂತಿದ್ದ ರೈತರು ಬಾಯಲ್ಲಿದ್ದ ಟೀ ಉಗಿದು ನಕ್ಕರು. ಅಂದಿನಿಂದ ಯಾರ ಮುಖ ನೋಡಿಯೂ ದೇಶ ಹೇಳಲು ಹೋಗಲಿಲ್ಲ.

ಆಗ ನಮ್ಮ ಮೇಲಿದ್ದವರು ಪುಟ್ಟಸ್ವಾಮಿ ಸಾಹೇಬರು. ಮೀಸೆ ದೊಡ್ಡದು, ಮಾತು ಕಮ್ಮಿ. ಮದುವೆಯಾಗಿ ಇಲ್ಲೇ ಉಳಿಯಲು ಅರ್ಜಿ ಹಾಕಿದವರ ವಿಚಾರಣೆ ಹೇಗೆ ಮಾಡಬೇಕೆಂದು ಅವರೇ ಕಲಿಸಿದ್ದು. "ನೀನು ಏನು ಕೇಳಿದ್ರೂ ಅವರು ಕಲ್ತುಕೊಂಡು ಬಂದಿರ್ತಾರೆ ಕಣಯ್ಯ. ಬಾಯಿ ಮುಚ್ಕೊಂಡು ಬಾಗಿಲಲ್ಲಿ ಚಪ್ಪಲಿ ನೋಡು, ಹಗ್ಗದ ಮೇಲೆ ಬಟ್ಟೆ ನೋಡು. ಕೈ ತೊಳಿಯೋ ನೆಪದಲ್ಲಿ ಬಚ್ಚಲಿಗೆ ಹೋಗಿ ಕನ್ನಡಿ ನೋಡು. ಹೆಂಗಸು ಇರೋ ಮನೆ ಕನ್ನಡಿ ಮೇಲೆ ಸ್ಟಿಕ್ಕರ್ ಬೊಟ್ಟು ಅಂಟಿಸಿರ್ತಾರೆ. ಅದನ್ನ ಯಾವ ಬ್ರೋಕರೂ ಹೇಳಿಕೊಟ್ಟಿರಲ್ಲ" ಅನ್ನುತ್ತಿದ್ದರು. ಈ ವಿದ್ಯೆ ಬಹಳ ಸಲ ಕೈ ಹಿಡಿಯಿತು. ಎಚ್.ಡಿ. ಕೋಟೆಯಲ್ಲಿ ಒಬ್ಬ ರೆಸಾರ್ಟಿನ ಅಡುಗೆಯವನ ಮನೆಗೆ ಹೋದಾಗ ಗಂಡನದೂ ಹೆಂಡತಿಯದೂ ಚಪ್ಪಲಿ ಜೋಡಿಯಾಗಿ ಇದ್ದವು. ಹೆಂಡತಿಯ ಚಪ್ಪಲಿಯ ಅಡಿ ತಿರುಗಿಸಿ ನೋಡಿದೆ. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. "ನಿಮ್ಮ ಮನೆಯವರು ನೆಲ ಮುಟ್ಟದೇ ಓಡಾಡ್ತಾರಾ?" ಅಂತ ಕೇಳಿದ್ದಕ್ಕೆ ಆತ ಬೆವರಿದ.

ಈಗ ಕಾಲ ಬದಲಾಗಿದೆ. ಅರ್ಜಿ ಕಂಪ್ಯೂಟರಿನಲ್ಲಿ ಬರುತ್ತದೆ, ಉತ್ತರವೂ ಕಂಪ್ಯೂಟರಿನಲ್ಲೇ ಹೋಗುತ್ತದೆ. ಮೊದಲಾದರೆ ನಮ್ಮ ಅನುಮಾನ, ಸಂಕೋಚ ಎಲ್ಲವನ್ನೂ ಮೂರು ಪುಟ ಉದ್ದಕ್ಕೆ ಬರೆಯುತ್ತಿದ್ದೆವು. ಈಗ ಫೋನಿನಲ್ಲಿ ಜಾಗದ ಗುರುತಿನ ಸಮೇತ ಫೋಟೋ, ಕೆಳಗೆ ಹೌದು ಅಥವಾ ಇಲ್ಲ, ಹೆಚ್ಚೆಂದರೆ ಎರಡು ಸಾಲು ಕಾರಣ. ಈ ಹೌದು ಮತ್ತು ಇಲ್ಲದ ನಡುವೆ ನಾನು ಸಿಕ್ಕಿಹಾಕಿಕೊಂಡ ಒಂದು ಕೇಸು ಹೇಳುತ್ತೇನೆ. ನಿವೃತ್ತಿಗೆ ಸ್ವಲ್ಪ ಮೊದಲು ನಡೆದದ್ದು.

ಅವನ ಹೆಸರು ತೆಂಡಾಯ್. ಆಫ್ರಿಕಾದ ಜಿಂಬಾಬ್ವೆ ದೇಶದವನು. ಅಲ್ಲೂ ನಮ್ಮ ಪಿರಿಯಾಪಟ್ಟಣದ ಹಾಗೆಯೇ ಹೊಗೆಸೊಪ್ಪು ಬೆಳೆಯುತ್ತಾರೆ. ಕಡಿಮೆ ಸೌದೆಯಲ್ಲಿ ಸೊಪ್ಪನ್ನು ಬ್ಯಾರನ್ ಎಂಬ ಒಣಗಿಸುವ ಮನೆಯೊಳಗೆ ಬೇಯಿಸಿ ಹದ ಮಾಡುವುದನ್ನು ರೈತರಿಗೆ ಕಲಿಸಲು ಸೊಪ್ಪು ಕೊಳ್ಳುವ ಒಂದು ಕಂಪನಿ ಅವನನ್ನು ಕರೆಸಿಕೊಂಡಿತ್ತು. ಅವನದು ಕೆಲಸದ ವೀಸಾ, ಕಂಪನಿಯ ಒಪ್ಪಂದ ಇರುವಷ್ಟು ದಿನ ಮಾತ್ರ ಅದಕ್ಕೆ ಜೀವ. ಚುಂಚನಕಟ್ಟೆ ಹತ್ತಿರದ ಹಳ್ಳಿಯ ಸವಿತಾ ಅದೇ ಕಂಪನಿಯಲ್ಲಿದ್ದಳು. ಅವನ ಇಂಗ್ಲಿಷನ್ನು ರೈತರಿಗೆ ಕನ್ನಡದಲ್ಲಿ ತಿಳಿಸುವುದು ಅವಳ ಕೆಲಸ. ಎರಡು ಬೆಳೆ ಮುಗಿಯುವುದರೊಳಗೆ ಅವನಿಗೇ ಕನ್ನಡ ಬಂದುಬಿಟ್ಟಿತು. ಮಧ್ಯೆ ಒಬ್ಬರು ನಿಂತು ಹೇಳುವ ಅಗತ್ಯ ಉಳಿಯಲಿಲ್ಲ. ಅಷ್ಟರಲ್ಲಿ ಇಬ್ಬರೂ ಜೊತೆಯಲ್ಲಿ ನಿಲ್ಲಲು ಬೇರೆ ಕಾರಣ ಹುಡುಕಿಕೊಂಡಿದ್ದರು. ನೋಟೀಸು ಹಾಕಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು, ಊರ ದೇವಸ್ಥಾನದಲ್ಲಿ ಧಾರೆಯೂ ಆಯಿತು.

ಕಂಪನಿಯ ಕೆಲಸ ಆ ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು, ಅದರ ಜೊತೆಗೇ ವೀಸಾನೂ. ಭಾರತದವರನ್ನು ಮದುವೆಯಾದ ಹೊರದೇಶದವರು ಕೆಲಸದ ವೀಸಾ ಬಿಟ್ಟು, ಗಂಡ ಅಥವಾ ಹೆಂಡತಿ ಎಂಬ ಲೆಕ್ಕದಲ್ಲಿ ಇಲ್ಲೇ ಉಳಿಯುವ ವೀಸಾಕ್ಕೆ ಬದಲಾಯಿಸಿಕೊಳ್ಳಬಹುದು. ತೆಂಡಾಯ್ ಹಾಗೆ ಅರ್ಜಿ ಹಾಕಿದ್ದ. ಮದುವೆ ನಿಜವೇ, ಇಬ್ಬರೂ ಒಟ್ಟಿಗೆ ವಾಸವಿದ್ದಾರೆಯೇ ಎಂದು ಮನೆಗೆ ಹೋಗಿ ನೋಡಿ ವರದಿ ಕೊಡುವುದು ನನ್ನ ಪಾಲಿನ ಕೆಲಸ. ವರದಿ ಸರಿ ಹೋಗದಿದ್ದರೆ ಅವನು ಗಂಟುಮೂಟೆ ಕಟ್ಟಬೇಕು.

ಪಿರಿಯಾಪಟ್ಟಣದಲ್ಲಿ ಅವನ ಬಾಡಿಗೆ ಮನೆಗೆ ಹೋದೆ. ಬಾಗಿಲಲ್ಲಿ ಒಂದೇ ಜೊತೆ ಬೂಟು, ದೋಣಿಯಷ್ಟು ದೊಡ್ಡವು. ಹಗ್ಗದ ಮೇಲೆ ಒಂದು ಸೀರೆಯಿಲ್ಲ, ಚೂಡಿದಾರವಿಲ್ಲ. ಬಾಗಿಲು ತೆರೆದವನ ಕೈಯಲ್ಲಿ ಮುದ್ದೆ ಕೋಲು. ಆರಡಿ ಮೇಲಿನ ಆಳು, ಕೋಲನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಅಂಗೈ ಜೋಡಿಸಿ ಮೆತ್ತಗೆ ಚಪ್ಪಾಳೆ ತಟ್ಟಿ ತಲೆ ಬಗ್ಗಿಸಿದ. ಅವರ ದೇಶದಲ್ಲಿ ಹಿರಿಯರಿಗೆ ನಮಸ್ಕಾರ ಮಾಡುವ ರೀತಿಯಂತೆ. ಒಳಗೆ ಕೂರಿಸಿ, ಅವರ ಊರಲ್ಲೂ ರಾಗಿ ಇದೆ, ಮುದ್ದೆಯಂಥದ್ದೇ ಊಟ ಇದೆ, ಅಲ್ಲಿ ಅದನ್ನು ಬೆರಳಲ್ಲಿ ನಾದಿ ಅಗಿದು ತಿನ್ನುತ್ತಾರೆ, ಇಲ್ಲಿ ನುಂಗಬೇಕಾದದ್ದೇ ಕಷ್ಟವಾಯಿತು ಎಂದೆಲ್ಲ ಹೇಳಿದ. ನಾನು ಪುಟ್ಟಸ್ವಾಮಿ ಸಾಹೇಬರನ್ನು ನೆನೆದು ಕೈ ತೊಳೆಯುವ ನೆಪ ಮಾಡಿದೆ. ಕನ್ನಡಿಯ ಮೇಲೆ ಕೆಂಪು ಬೊಟ್ಟು ಇತ್ತು, ಅದರ ಮೇಲೆ ಧೂಳೂ ಇತ್ತು.

"ಎಲ್ಲಪ್ಪ ನಿನ್ನ ಹೆಂಡ್ತಿ?"

"ತವರ್ಗೆ ಓಗವ್ಳೆ ಸಾರ್."

"ಯಾವಾಗ ಬರ್ತಾಳೆ?"

ಅವನು ನನ್ನ ಮುಖವನ್ನೇ ನೋಡಿದ, ಇಷ್ಟೂ ಗೊತ್ತಿಲ್ಲವೇ ಈ ಮನುಷ್ಯನಿಗೆ ಎಂಬಂತೆ. "ಆಸಾಡ ಅಲ್ವಾ ಸಾರ್?" ಅಂದ.

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಹೊಸದಾಗಿ ಮದುವೆಯಾದ ಹೆಣ್ಣುಮಗಳು ಮೊದಲ ಆಷಾಢಕ್ಕೆ ತವರಿಗೆ ಹೋಗಿಬಿಡುತ್ತಾಳೆ. ಇಡೀ ತಿಂಗಳು ಗಂಡ ಹೆಂಡತಿ ಸೇರುವ ಹಾಗಿಲ್ಲ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟುವ ಹಾಗಿಲ್ಲ, ಕೆಲವು ಮನೆಗಳಲ್ಲಿ ಅತ್ತೆ ಅಳಿಯನಿಗೂ ಅದೇ ಕಟ್ಟು. ಎಲ್ಲ ಗೊತ್ತಿರುವುದೇ. ಆದರೆ ಆಫ್ರಿಕಾದ ಗಂಡೊಬ್ಬ ಮುದ್ದೆ ಕೋಲು ಹಿಡಿದು ಆಷಾಢ ಆಚರಿಸುವುದನ್ನು ನಾನು ನೋಡಿರಲಿಲ್ಲ. ನಗು ನಿಂತ ಮೇಲೆ ತಲೆ ಕೆರೆದುಕೊಂಡೆ. ಸುಳ್ಳು ಮದುವೆಯವನಿಗೂ ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಬೇರೆ ಬೇರೆ ಇರುವುದಕ್ಕೆ ಪಂಚಾಂಗದ ಅಪ್ಪಣೆಯೇ ಇದೆಯಲ್ಲ.

ನಮ್ಮ ಶಾಖೆಗೆ ಆಗ ವಿಜಯಪುರ ಕಡೆಯ ಇನ್ಸ್‌ಪೆಕ್ಟರ್ ಮೇಡಂ ಇದ್ದರು. ನನ್ನ ಮಗಳ ವಯಸ್ಸು, ಕೆಲಸದಲ್ಲಿ ಬಹಳ ಚುರುಕು. ವಿಷಯ ಹೇಳಿದೆ.

"ಗೌಡ್ರ, ಆಷಾಢ ನಮ್ಮ ಕಡೀನೂ ಐತ್ರಿ. ದಿಲ್ಲಿಯೊಳಗ ಐತೇನು?" ಅಂದರು. "ಒಟ್ಟಿಗೆ ಅದಾರೇನು ಅಂತ ಕೇಳ್ಯಾರ. ಇಲ್ಲ ಅಂತ ಬರದ್ರ ಅವ ಹೋಗ್ತಾನ. ಹೌದು ಅಂತ ಸುಳ್ಳ ಬರದ್ರ ನೀವು ಹೋಗ್ತೀರಿ. ಪಿಂಚಣಿ ಹತ್ರ ಬಂದೈತಿ, ನೋಡ್ಕೊಂಡು ಬರೀರಿ."

ಉಪಾಯ ಸುಲಭ ಎಂದುಕೊಂಡು ಮಾರನೇ ದಿನ ಚುಂಚನಕಟ್ಟೆ ಕಡೆಗೆ ಹೊರಟೆ. ಹುಡುಗಿಯನ್ನು ಒಂದು ದಿನದ ಮಟ್ಟಿಗೆ ಪಿರಿಯಾಪಟ್ಟಣಕ್ಕೆ ಕಳಿಸಿದರೆ ಸಾಕು, ಒಂದು ಫೋಟೋ ತೆಗೆದು, ಇಬ್ಬರ ಹೇಳಿಕೆ ಬರೆದು ಮುಗಿಸಿಬಿಡಬಹುದು. ನಾಲೆ ಪಕ್ಕದ ಮನೆ. ಸವಿತಾಳ ತಂದೆ ಬಹಳ ಹಿಂದೆಯೇ ತೀರಿಕೊಂಡಿದ್ದರು. ತಾಯಿ ಸಾಕಮ್ಮ, ಅಜ್ಜಿ ನಿಂಗಮ್ಮ ಇಬ್ಬರೇ ಗದ್ದೆ ಮಾಡಿಸಿಕೊಂಡು ಹುಡುಗಿಯನ್ನು ಓದಿಸಿದವರು. ಸಾಕಮ್ಮ ಅತ್ತೆಯ ಮುಂದೆ ಬಾಯಿ ಬಿಡುವವರಲ್ಲ. ಮಾತೆಲ್ಲ ಅಜ್ಜಿಯದೇ.

"ಒಂದೇ ಒಂದು ದಿನ ಅಜ್ಜಿ. ಬೆಳಿಗ್ಗೆ ಕಳ್ಸಿ, ಸಾಯಂಕಾಲ ಬಂದುಬಿಡಲಿ."

"ಆಗಕ್ಕಿಲ್ಲ ಪೋಲೀಸಪ್ಪ."

"ಸರ್ಕಾರದ ಕೆಲಸ ಅಜ್ಜಿ."

"ಸರ್ಕಾರ್ದೋರು ಯಾರೂ ಮದ್ವೆ ಆಗಿಲ್ವಾ? ಅವ್ರು ಆಸಾಡ ಮಾಡ್ಲಿಲ್ವಾ? ಇನ್ನೊಂದು ಅಮಾಸೆ ಕಳೀಲಿ, ನಾನೇ ಕರ್ಕೊಂಡೋಗಿ ಬುಟ್ಟು ಬತ್ತೀನಿ."

"ಅಷ್ಟೊತ್ತಿಗೆ ಅವನ ವೀಸಾ ಮುಗಿದುಹೋಗಿರ್ತದೆ. ಅಲ್ಲ ಅಜ್ಜಿ, ಅತ್ತೆ ಸೊಸೆ ಹೊಸ್ತಿಲು ದಾಟಬಾರದು ಅಂತ ತಾನೇ? ಅವಳ ಅತ್ತೆ ಸಮುದ್ರದ ಆಚೆ ಅವರೆ. ಯಾರು ದಾಟ್ತಾರೆ?"

ನನ್ನ ವಾದವನ್ನು ನಾನೇ ಮೆಚ್ಚಿಕೊಂಡೆ. ಅಜ್ಜಿ ಎಲೆ ಅಡಿಕೆ ಕೆಳಗಿಟ್ಟರು.

"ಕೇಳು ಪೋಲೀಸಪ್ಪ. ಈ ಮದ್ವೆ ಆದಾಗ ನಮ್ ನೆಂಟ್ರೆಲ್ಲ ಏನಂದ್ರು ಗೊತ್ತಾ? ಇದು ಮದ್ವೆ ಅಲ್ಲ, ಕಾಗ್ದ. ಅವನ್ಗೆ ಇಲ್ಲಿರಾಕೆ ಒಂದು ಕಾಗ್ದ ಬೇಕಿತ್ತು, ನಿನ್ ಮೊಮ್ಮಗ್ಳು ಸಿಕ್ಕುದ್ಲು, ಅಂಗಂದ್ರು. ಧಾರೆಗೂ ಬರ್ಲಿಲ್ಲ. ಕರ್ರಗವ್ನೆ ಅಂದ್ರು, ನಮ್ ದೇವ್ರು ತಿಮ್ಮಪ್ಪ ಇನ್ನೇನು ಬೆಳ್ಳಗವ್ನಾ ಅಂದೆ. ಅದ್ಕೆ ನಾನು ಒಂದು ಶಾಸ್ತ್ರನೂ ಬುಡಲ್ಲ. ಚಪ್ಪರ ಆಕ್ಸಿದೆ, ಬೀಗ್ರೂಟ ಆಕ್ಸಿದೆ, ಈಗ ಆಸಾಡನೂ ಮಾಡ್ತೀನಿ. ನಾಳೆ ಒಬ್ನೇ ಒಬ್ಬ ಇದು ಮದ್ವೆ ಅಲ್ಲ ಅನ್ನಂಗಿರ್ಬಾರ್ದು."

ಮದುವೆ ನಿಜ ಎಂದು ಊರಿಗೆ ತೋರಿಸಲು ಅವರು ಒಟ್ಟಿಗೆ ಇರಬಾರದು. ಮದುವೆ ನಿಜ ಎಂದು ಸರ್ಕಾರಕ್ಕೆ ತೋರಿಸಲು ಒಟ್ಟಿಗೇ ಇರಬೇಕು. ಎರಡೂ ಕಡೆ ಪಾಸಾಗುವುದು ಹೇಗೆ ಎಂದು ನನಗೆ ತೋಚಲಿಲ್ಲ. ಕಾಫಿ ಕುಡಿದು ಬೈಕ್ ಹತ್ತಿರ ಬಂದಾಗ ಸವಿತಾ ಹಿಂದೆಯೇ ಬಂದಳು. "ಸಾರ್, ಅವರನ್ನ ಕಳಿಸಿಬಿಡ್ತಾರಾ?" ಎಂದು ಕೇಳಿದಳು. ನೋಡೋಣಮ್ಮ ಎಂದು ಹೇಳಿ, ಗಾಡಿ ಸ್ಟಾರ್ಟ್ ಮಾಡುವುದರಲ್ಲಿ ಬಹಳ ಗಮನ ಇರುವವನಂತೆ ನಟಿಸಿದೆ.

ಮನೆಗೆ ಬಂದು ನನ್ನ ಹೆಂಡತಿ ಜಯಮ್ಮನ ಹತ್ತಿರ ಹೇಳಿಕೊಂಡೆ. ಅವಳು ಸೊಪ್ಪು ಬಿಡಿಸುತ್ತ ಕೂತಿದ್ದಳು.

"ನಿಮ್ಮ ಸರ್ಕಾರದೋರು ನಮ್ಮನೆಗೆ ಬಂದು ವಿಚಾರಣೆ ಮಾಡ್ಲಿಲ್ಲವಲ್ಲ, ಪುಣ್ಯ" ಅಂದಳು. "ದಸರಾ ಬಂದೋಬಸ್ತು, ಎಲೆಕ್ಷನ್ ಬಂದೋಬಸ್ತು, ಮಂತ್ರಿ ಬಂದ್ರೆ ಬಂದೋಬಸ್ತು. ನಾವಿಬ್ರು ಒಟ್ಟಿಗೆ ವಾಸ ಇದ್ವಿ ಅಂತ ಯಾರು ಸಾಕ್ಷಿ ಹೇಳೋರು? ನನ್ನನ್ನೇ ಎಲ್ಲಿಗಾದ್ರೂ ಗಡಿಪಾರು ಮಾಡಿಬಿಡೋರು."

"ತಮಾಷೆ ಸಾಕು ಕಣೆ. ಏನಾದ್ರೂ ದಾರಿ ಹೇಳು."

ಜಯಮ್ಮ ಕೈ ಒರೆಸಿಕೊಂಡು ನನ್ನನ್ನು ಒಂದು ಥರಾ ನೋಡಿದಳು. "ನೀವು ನಮ್ಮ ಮೊದಲ ಆಷಾಢದಲ್ಲಿ ಸುಮ್ನೆ ಇದ್ರಾ? ಡ್ಯೂಟಿ ಮೇಲೆ ಬಂದೆ ಅಂತ ನಮ್ಮಪ್ಪನಿಗೆ ಸುಳ್ಳು ಹೇಳಿ, ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಯೂನಿಫಾರಂ ಹಾಕ್ಕೊಂಡು ನಿಂತಿರಲಿಲ್ವಾ? ನಿಜವಾದ ಗಂಡ ಆಗಿದ್ರೆ ಒಂದು ತಿಂಗಳು ಸುಮ್ನೆ ಕೂರಲ್ಲ. ಅವರು ಎಲ್ಲಿ ಕದ್ದು ಸೇರ್ತಾರೆ ನೋಡ್ಕೊಂಡು ಬನ್ನಿ ಹೋಗಿ."

ಇಷ್ಟು ವರ್ಷ ಸರ್ವೀಸ್ ಮಾಡಿದವನಿಗೆ ಹೊಳೆಯದ್ದು ಇದು. ನನಗೆ ಸಿಟ್ಟೂ ಬಂತು, ಸ್ವಲ್ಪ ನಾಚಿಕೆಯೂ ಆಯಿತು.

ಪಿರಿಯಾಪಟ್ಟಣದಿಂದ ಒಬ್ಬ, ಚುಂಚನಕಟ್ಟೆ ಕಡೆಯಿಂದ ಒಬ್ಬಳು. ಹುಣಸೂರಿನಲ್ಲಿ ಕಂಪನಿಯವರ ಕಣ್ಣು, ಕೆ.ಆರ್. ನಗರದಲ್ಲಿ ನೆಂಟರ ಕಣ್ಣು. ಎರಡು ರಸ್ತೆ ಸೇರುವ, ಯಾರ ಗುರುತೂ ಇಲ್ಲದ ಜಾಗ ಅಂದರೆ ಬಿಳಿಕೆರೆ. ಶುಕ್ರವಾರ ಕೆ.ಆರ್. ನಗರದ ಬ್ಯಾಂಕಿಗೆ ಹೋಗುವುದಿದೆ ಎಂದು ಸವಿತಾ ತಾಯಿಗೆ ಹೇಳಿದ್ದನ್ನು ನಾನು ಕಾಫಿ ಕುಡಿಯುವಾಗ ಕೇಳಿಸಿಕೊಂಡಿದ್ದೆ. ಶುಕ್ರವಾರ ಮಫ್ತಿಯಲ್ಲಿ ಹೋಗಿ ಬಿಳಿಕೆರೆ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತೆ. ವಡೆ ತಿಂದೆ, ಕಾಫಿ ಕುಡಿದೆ, ಮತ್ತೆ ವಡೆ ತಿಂದೆ. ಬಸ್ಸುಗಳು ಬಂದವು, ಹೋದವು. ಆರಡಿ ಮೇಲಿನ ಆಳು ಬಿಳಿಕೆರೆಯಲ್ಲಿ ಇಳಿದರೆ ಗೊತ್ತಾಗದೇ ಇರುತ್ತದೆಯೇ? ಇಳಿದ, ತಲೆಗೆ ಟವೆಲ್ ಸುತ್ತಿಕೊಂಡು. ವೇಷ ಮರೆಸಿಕೊಂಡಿದ್ದೇನೆ ಎಂಬ ಧೈರ್ಯದಲ್ಲಿ ನೆಟ್ಟಗೆ ನಡೆದು ಹೋಗಿ ಕಬ್ಬಿನ ಹಾಲಿನ ಅಂಗಡಿಯ ಹಿಂದಿನ ಹುಣಸೆಮರದ ಬುಡದಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಸವಿತಾ ಬಂದಳು, ಕೈಯಲ್ಲಿ ಸ್ಟೀಲ್ ಕ್ಯಾರಿಯರ್.

ಅವರು ಊಟ ಬಿಚ್ಚುವವರೆಗೆ ತಾಳಿಕೊಂಡಿದ್ದು ಹಿಂದಿನಿಂದ ಹೋಗಿ ಕೆಮ್ಮಿದೆ. ಸವಿತಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಅವನು ಮುದ್ದೆ ಹಿಡಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಎದ್ದು ನಿಂತ. ನನ್ನ ಮುಖ ನೋಡಿದ ಮೇಲೆ ಇಬ್ಬರಿಗೂ ಹೋದ ಜೀವ ಬಂತು.

"ಅಯ್ಯೋ, ನೀವಾ ಸಾರ್!" ಅಂದಳು ಸವಿತಾ ಎದೆ ಮೇಲೆ ಕೈ ಇಟ್ಟುಕೊಂಡು. "ನಮ್ಮ ಚಿಕ್ಕಪ್ಪ ಅಂದ್ಕೊಂಡ್ಬುಟ್ಟೆ."

"ಪೊಲೀಸ್ ಅಷ್ಟೇ" ಎಂದು ಅವನು ಅವಳಿಗೆ ಸಮಾಧಾನ ಹೇಳಿದ.

ಖಾಕಿ ಹಾಕಿದ ಮೇಲೆ ನನ್ನನ್ನು ಕಂಡು ಹೆದರಿದವರಿದ್ದಾರೆ, ಓಡಿದವರಿದ್ದಾರೆ, ಸಲಾಂ ಹೊಡೆದವರಿದ್ದಾರೆ. ಸದ್ಯ ಪೊಲೀಸು ಬಂದ ಎಂದು ನಿಟ್ಟುಸಿರು ಬಿಟ್ಟವರು ಇವರಿಬ್ಬರೇ. ನನ್ನನ್ನೂ ಕೂರಿಸಿದರು, ಶುಕ್ರವಾರ ಶುಕ್ರವಾರ ಇಲ್ಲೇ ಸೇರುತ್ತೇವೆ ಎಂದು ಒಪ್ಪಿಕೊಂಡರು. ಮುದ್ದೆ, ಉಪ್ಸಾರು, ಸೊಪ್ಪಿನ ಪಲ್ಯ. ಅವನ ಮುದ್ದೆಯನ್ನು ಅವಳು ಸಣ್ಣ ಸಣ್ಣದಾಗಿ ಮುರಿದು ಸಾರಿನಲ್ಲಿ ಅದ್ದಿ ಇಡುತ್ತಿದ್ದಳು, ಅವನು ಅವಳ ಕಡೆಯೇ ನೋಡುತ್ತ ನುಂಗುತ್ತಿದ್ದ. ಕನ್ನಡಿಯ ಬೊಟ್ಟೂ ಬೇಡ, ಬಾಗಿಲ ಚಪ್ಪಲಿಯೂ ಬೇಡ ಎನ್ನಿಸಿತು ನನಗೆ. ಫೋನ್ ತೆಗೆದು ಫೋಟೋ ಹೊಡೆದುಕೊಂಡೆ.

"ಕೆಲಸ ಆಯ್ತು ಕಣ್ರಪ್ಪ" ಅಂದೆ. "ಆಷಾಢದಲ್ಲಿ ಬೇರೆ ಇದ್ರೂ ವಾರ ವಾರ ಸೇರ್ತಾರೆ ಅಂತ ಬರೀತೀನಿ. ನಿಮ್ಮ ಮನೆಯ ಹಿರಿಯರದು ಒಂದು ಹೇಳಿಕೆ ತಗೊಂಡು ಸೈನ್ ಹಾಕಿಸಿಕೊಂಡರೆ ಮುಗೀತು."

ಸವಿತಾಳ ಮುಖ ಬಾಡಿತು. "ಬೇಡ ಸಾರ್. ಅಜ್ಜಿ ಊರಿಗೆಲ್ಲ ಹೇಳ್ಕೊಂಡವ್ರೆ, ನಮ್ಮ ಅಳಿಯ ಆಷಾಢ ಮುರಿಯೋನಲ್ಲ ಅಂತ. ನಾವು ಹಿಂಗೆ ಕದ್ದು ಸೇರ್ತೀವಿ ಅಂತ ಅವರಿಗೆ ಗೊತ್ತಾದ್ರೆ ಅವರ ಮುಖ ಏನಾಗಬೇಕು?"

ನಾನು ಅವನ ಕಡೆ ನೋಡಿದೆ. ಹೋಗಬೇಕಾದವನು ಅವನು ತಾನೇ, ಅವನಾದರೂ ಬುದ್ಧಿ ಹೇಳಲಿ ಎಂದು. ಅವನು ಕೈ ತೊಳೆದುಕೊಂಡು ಬಂದು ನಿಧಾನವಾಗಿ ಹೇಳಿದ. "ನಮ್ಮೂರಲ್ಲೂ ಅತ್ತೆ ಮುಂದೆ ಸುಮ್ಮನೆ ಓಗಿ ನಿಲ್ಲಂಗಿಲ್ಲ ಸಾರ್. ದೂರ ಕೂತು ಕೈ ತಟ್ಬೇಕು. ಅಜ್ಜಿ ಮಾತು ಓಗಬಾರ್ದು. ನಾನು ನಮ್ಮೂರಿಗೆ ಓಗಿ, ಮತ್ತೆ ಅರ್ಜಿ ಆಕಿ ಬತ್ತೀನಿ."

ಮತ್ತೆ ಅರ್ಜಿ ಹಾಕಿ ಬರುವುದು ಎಂದರೆ ಏನು ಎಂದು ನನಗೆ ಗೊತ್ತಿತ್ತು. ಹಾಗೆ ಹೋದ ಒಬ್ಬಳ ಗಂಡ ವರ್ಷಗಟ್ಟಲೆ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದದ್ದನ್ನು ನೋಡಿದ್ದೇನೆ. ಊಟ ಮುಗಿಸಿ ಎದ್ದೆ. ಇವರನ್ನು ಬೇರೆ ಮಾಡುವ ವರದಿಗೆ ನಾನು ಸೈನ್ ಹಾಕುವುದಿಲ್ಲ ಎಂದು ಮನಸ್ಸಿನಲ್ಲೇ ನಿರ್ಧಾರ ಮಾಡಿಕೊಂಡೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮಾರನೇ ಬೆಳಿಗ್ಗೆ ಸಾಕಮ್ಮನವರನ್ನು ಗದ್ದೆ ಬದುವಿನಲ್ಲೇ ಹಿಡಿದೆ. ಅತ್ತೆಯಿಂದ ದೂರ ಇದ್ದಾಗ ಮಾತಾಡಿಸಿ ನೋಡೋಣ ಎಂದು. ನೇರವಾಗಿ ಹೇಳುವ ಧೈರ್ಯವಿಲ್ಲದೆ ಸುತ್ತಿ ಬಳಸಿ, "ಅಮ್ಮಾ, ನಿಮ್ಮ ಮಗಳು ಶುಕ್ರವಾರ ಬ್ಯಾಂಕಿಗೆ ಹೋಗ್ತಾಳಲ್ಲ..." ಎಂದು ಶುರು ಮಾಡಿದೆ.

ಸಾಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಬ್ಯಾಂಕಿಗೋಗೋಳ್ಗೆ ನಾಕು ಮುದ್ದೆ ಯಾಕೆ ಕಟ್ಟಿಕೊಡ್ತೀನಿ ಸಾ? ಅವ್ಳು ತಿನ್ನೋದೇ ಅರ್ಧ. ಬೆಳಿಗ್ಗೆ ಎದ್ದು ಮುದ್ದೆ ತಿರುವೋಳು ನಾನು, ನಂಗೆ ಗೊತ್ತಾಗಕಿಲ್ವಾ?"

"ಹಾಗಾದರೆ ಇದೊಂದು ಸೈನ್ ಹಾಕ್ತೀರಾ?"

"ಆಕ್ತೀನಿ. ನಮ್ ಅತ್ತೆಗೆ ಮಾತ್ರ ಗೊತ್ತಾಗ್ಬಾರ್ದು ಕಣ್ರೀ. ಮರ್ವಾದಿ ಓ‌ಯ್ತದೆ ಅಂತ ಕೊರಗ್ತಾರೆ ಮುದ್ಕಿ."

ಬದುವಿನ ಮೇಲೆ ಕೂತು ಹೇಳಿಕೆ ಬರೆದೆ, ಓದಿ ಹೇಳಿದೆ, ಅವರು ನಿಧಾನವಾಗಿ ಹೆಸರು ಬರೆದರು. ಇನ್ನೊಬ್ಬ ಸಾಕ್ಷಿ ಬೇಕಿತ್ತು. ಹತ್ತಿರದ ಗದ್ದೆಯವರನ್ನು ಕರೆದರೆ ಸಂಜೆಯೊಳಗೆ ಊರೆಲ್ಲ ತಿಳಿಯುತ್ತದೆ. ಯೋಚಿಸುತ್ತ ಅವರ ಮನೆ ಮುಂದೆ ಬಂದಾಗ ಜಗಲಿಯಿಂದ ಕೋಲು ಅಲ್ಲಾಡಿತು. ನಿಂಗಮ್ಮಜ್ಜಿ.

"ಬಾ ಇಲ್ಲಿ ಪೋಲೀಸಪ್ಪ. ಗದ್ದೆ ತಾವು ನನ್ ಸೊಸೆ ಜೊತೆ ಏನೋ ಗುಸುಗುಸು ಅಂತಿದ್ದೆ?"

"ಏನಿಲ್ಲ ಅಜ್ಜಿ, ನೀರು ಬಿಟ್ಟವರಾ ಅಂತ ಕೇಳಿದೆ."

"ನೀರು!" ಅಜ್ಜಿ ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ನೋಡು, ಆ ಐಕ್ಳು ಎಲ್ಲೋ ಸೇರ್ಕತಾವೆ. ಎಲ್ಲಿ ಅಂತ ನಂಗೆ ಬೇಡ. ನಾನು ನೋಡಿಲ್ಲ. ಶುಕ್ರವಾರ ಉಪ್ಸಾರ್ಗೆ ಖಾರ ಕಮ್ಮಿ ಆಕ್ಸೋಳು ನಾನೇ, ನಂಗೆ ಒಟ್ಟೆ ಉರಿ ಅಂತ ಸುಳ್ಳೇಳಿ. ಆ ಉಡುಗನ್ಗೆ ಖಾರ ಆಗಕಿಲ್ಲ, ಪಾಪ. ನನ್ ಸೊಸೆಗೆ ಏಳ್ಬುಟ್ಟೀಯ ಮತ್ತೆ. ಶಾಸ್ತ್ರ ಕೆಟ್ಟೋಯ್ತು ಅಂತ ಊಟ ಬುಟ್ಟಾಳು."

ನಾನು ಗೋಡೆ ಹಿಡಿದುಕೊಂಡೆ. ನಕ್ಕರೆ ಕೆಡುತ್ತದೆ, ನಗದಿದ್ದರೆ ನಾನೇ ಸಾಯುತ್ತೇನೆ. ಹೇಗೋ ಸಾವರಿಸಿಕೊಂಡು, ಅವರಿಬ್ಬರೂ ನಿಜವಾದ ಗಂಡ ಹೆಂಡತಿ ಎಂದು ಒಂದು ಹೆಬ್ಬೆಟ್ಟು ಒತ್ತುತ್ತೀರಾ ಎಂದು ಕೇಳಿದೆ.

"ಒತ್ತದೆ ಏನು? ಸೇರ್ಕತಾರೆ ಅಂತ ಮಾತ್ರ ನನ್ ಬಾಯಲ್ಲಿ ಬರಿಬೇಡ. ಮುದ್ಕಿ ಏನೂ ನೋಡಿಲ್ಲ ಅಂತ್ಲೇ ಬರ್ಕೊ."

ಹಾಗೆಯೇ ಬರೆದುಕೊಂಡೆ. ಹೆಬ್ಬೆಟ್ಟು ಒತ್ತುವ ಮೊದಲು ಅಜ್ಜಿ ಮೇಲಿನ ಸೈನನ್ನು ಬೆರಳಿಟ್ಟು ತೋರಿಸಿ, "ಇದ್ಯಾರ್ದು?" ಎಂದರು. ಇನ್ನೊಬ್ಬ ಸಾಕ್ಷಿಯದು ಎಂದೆ. ಅದರಲ್ಲಿ ಸುಳ್ಳೇನೂ ಇಲ್ಲ.

ಇನ್ಸ್‌ಪೆಕ್ಟರ್ ಮೇಡಂ ನನ್ನ ವರದಿಯ ಕರಡನ್ನು ಜೋರಾಗಿ ಓದಿದರು. "ಸ್ಥಳೀಯ ಪದ್ಧತಿಯಂತೆ ಸದರಿ ದಂಪತಿ ಆಷಾಢದಲ್ಲಿ ಪ್ರತ್ಯೇಕವಾಗಿದ್ದು, ಆದರೂ ತಡೆಯಲಾರದೆ ಕದ್ದು ಸೇರುತ್ತಿರುವುದರಿಂದ ಮದುವೆ ನಿಜವೆಂದು ಖಾತ್ರಿಯಾಗಿದೆ." ಇಷ್ಟು ಓದಿ ಮೇಜಿನ ಮೇಲೆ ತಲೆ ಇಟ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ಕದ್ದು ಎಂಬುದನ್ನು ಹೊಡೆದು ನಿಯಮಿತವಾಗಿ ಎಂದು ಮಾಡಿದರು. ತಡೆಯಲಾರದೆ ಎಂಬುದರ ಮೇಲೂ ಪೆನ್ನು ಇಟ್ಟರು, ಏನೋ ಯೋಚಿಸಿ ತೆಗೆದರು. ಅವರ ಯಜಮಾನರು ಆಗ ಬೀದರಿನಲ್ಲಿ ಕೆಲಸದಲ್ಲಿದ್ದರು. "ಇದು ಇರ್ಲಿ ಬಿಡ್ರಿ ಗೌಡ್ರ" ಅಂದರು. ಆಷಾಢ ಎಂದರೇನು ಎಂದು ದಿಲ್ಲಿಯವರಿಗೆ ತಿಳಿಯುವಂತೆ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿಯನ್ನು ತಾವೇ ಬರೆದು ಸೇರಿಸಿದರು.

ಕಾಯುವ ದಿನಗಳು ಕಷ್ಟದವು. ಕಂಪ್ಯೂಟರ್ ನೋಡುವ ಹುಡುಗಿಗೆ ದಿನಕ್ಕೆ ಹತ್ತು ಸಲ, ಬಂತಾಮ್ಮ ಎಂದು ಕೇಳಿ ಅವಳ ತಲೆ ತಿಂದೆ. ನನ್ನ ಪಿಂಚಣಿಯ ಕಾಗದಕ್ಕೂ ನಾನು ಹಾಗೆ ಕಾದಿರಲಿಲ್ಲ. ತಿಂಗಳು ಮುಗಿಯಲು ಇನ್ನು ಕೆಲವೇ ದಿನ ಇದ್ದಾಗ ಒಪ್ಪಿಗೆ ಬಂದುಬಿಟ್ಟಿತು. ನಮ್ಮ ಸರ್ಕಾರಿ ಕೆಲಸವೊಂದು ಆಷಾಢಕ್ಕಿಂತ ಮೊದಲು ಮುಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಚೇರಿಯ ಹೊರಗೆ ಬಂದು ತೆಂಡಾಯ್‌ಗೆ ಫೋನ್ ಮಾಡಿದೆ. ಸರ್ಕಾರಿ ದನಿ ತಂದುಕೊಂಡೆ.

"ಏನಪ್ಪ, ದಿಲ್ಲಿಯಿಂದ ಅಪ್ಪಣೆ ಬಂತು. ನೀನು ಎಲ್ಲಿಗೂ ಹೋಗಬೇಕಾಗಿಲ್ಲ. ಇನ್ನು ನೀನೂ ನಿನ್ನ ಹೆಂಡ್ತೀನೂ ಒಟ್ಟಿಗೆ ಇರಬಹುದು ಅಂತ ಭಾರತ ಸರ್ಕಾರವೇ ಹೇಳಿದೆ."

ಆ ಕಡೆ ಅವನು ಅಳುತ್ತಿದ್ದಾನೆ ಎಂದು ತಿಳಿಯಿತು. ಕೊನೆಗೆ ಮೂಗು ಒರೆಸಿಕೊಂಡ ಸದ್ದಾಯಿತು.

"ಬಾಳ ಸಂತೋಸ ಸಾರ್" ಅಂದ. "ಆದ್ರೆ ಅಜ್ಜಿ ಅಪ್ಪಣೆ ಇನ್ನೂ ಬಂದಿಲ್ಲ. ಭೀಮನಮಾಸೆ ಕಳೀಲಿ ಅಂದವ್ರೆ. ಅಲ್ಲೀಗಂಟ ಬಿಳಿಕೆರೇನೇ ಸಾರ್."